ಮಾಲಿಗೊಂದು ಮಣೆ

ನಮ್ಮ ಕಾಕಾ ಮದುವೆಗೆ ಹುಡುಗಿಯನ್ನು ಒಪ್ಪಿಕೊಂಡದ್ದು ಅರ್ಧ ಕಪ್ ಚಹಾದಲ್ಲಿ. ಉಳಿದರ್ಧ ಆರುವ ಮೊದಲೇ ಎದ್ದು, "ಆತು, ಪಸಂದ ಐತಿ, ನಡೀರಿ," ಎಂದು ಚಪ್ಪಲಿ ಮೆಟ್ಟಿದ್ದರಂತೆ. ಅದೇ ಮನುಷ್ಯ ಒಣದ್ರಾಕ್ಷಿ ಡಬ್ಬಿಗಳ ಅಡಿಗೆ ಇಡುವ ಕಟ್ಟಿಗೆಯ ಹಲಗೆ ಆರಿಸಲು ತೆಗೆದುಕೊಂಡದ್ದು ಬರೋಬ್ಬರಿ ಐದು ತಿಂಗಳು! ಇದಕ್ಕೆ ಏನೆನ್ನುತ್ತೀರಿ? ಆ ಅರ್ಧ ಕಪ್ ಚಹಾದ ಹುಡುಗಿ, ಅಂದರೆ ನಮ್ಮ ಕಾಕು, ಬಂದವರ ಮುಂದೆಲ್ಲ ಈ ಕಥೆ ಹೇಳಿ, "ನನಗಿಂತ ಹಲಗಿಗೆ ಕಿಮ್ಮತ್ತ ಜಾಸ್ತಿ ನೋಡ್ರಿ," ಎಂದು ನಗುತ್ತಿದ್ದಳು.

ಕಾಕಾ ನಮ್ಮ ತಂದೆಯ ತಮ್ಮ. ಅಥಣಿ ತಾಲೂಕಿನ ಅನಂತಪುರದ ಹೊಲದಲ್ಲಿ ಮನೆ, ಮನೆಯ ಹಿಂದೆ ದ್ರಾಕ್ಷಿ ತೋಟ. ಅವರ ವಿಶೇಷವೇನೆಂದರೆ ಅವರಿಗೆ ಕೂರಲು ಬರುವುದಿಲ್ಲ. ಸೊಂಟಕ್ಕೆ ಏನೂ ಆಗಿರಲಿಲ್ಲ, ಸ್ವಭಾವವೇ ಹಾಗೆ! ಊಟ ನಿಂತು, ಪೇಪರು ಓದುವುದು ಅಂಗಳದಲ್ಲಿ ಓಡಾಡುತ್ತ. ಕ್ಷೌರ ಎರಡು ಕಂತಿನಲ್ಲಿ. ಎಡಗಡೆಯದು ಮುಗಿಯುತ್ತಲೇ ಏನೋ ನೆನಪಾಗಿ ಎದ್ದು ಹೋದರೆ ಬಲಗಡೆಯದು ಮರುದಿನ. ಬಸ್ಸು ನಿಲ್ಲುವವರೆಗೆ ಕಾಯುವ ಪದ್ಧತಿಯೂ ಇರಲಿಲ್ಲ. ಅಥಣಿ ಕಡೆಯ ಕಂಡಕ್ಟರರು, "ಕಾಕಾ ಇಳದ್ರು, ಇನ್ನ ಬ್ರೇಕ್ ಹಾಕೋ," ಎಂದು ಡ್ರೈವರನಿಗೆ ಹೇಳುತ್ತಿದ್ದರು. ಅವರ ಮದುವೆಯಲ್ಲಿಯೂ ಇದೇ ಹಾಡು. ಅಕ್ಕಿಕಾಳು ಬೀಳುವ ಮೊದಲೇ ಮಣೆಯಿಂದ ಎರಡು ಸಲ ಎದ್ದರಂತೆ. ಒಮ್ಮೆ ಅಡಿಗೆಯವನಿಗೆ ಸಾರಿನ ಉಪ್ಪು ಕೇಳಲು, ಇನ್ನೊಮ್ಮೆ ಬಾಜಾದವರ ಎತ್ತಿಗೆ ಹೊಟ್ಟು ಹಾಕಿದ್ದಾರೋ ಇಲ್ಲವೋ ನೋಡಲು. ಅಷ್ಟೂ ಹೊತ್ತು ಕಾಕು ಒಬ್ಬಳೇ ಎರಡು ಮಣೆ ಕಾಯುತ್ತ ಕೂತಿದ್ದಳು.

ಇಂಥವರು ಒಂದು ಉದ್ಯೋಗಕ್ಕೆ ಅಂಟಿಕೊಳ್ಳುವುದುಂಟೆ? ಕೋಳಿ ಸಾಕಿದರು, ಮೊಟ್ಟೆ ಬರುವ ಮೊದಲೇ ಬೇಜಾರಾಯಿತು. ಹಿಟ್ಟಿನ ಗಿರಣಿ ತಂದರು, ಬೆಲ್ಟು ಬರುವಷ್ಟರಲ್ಲಿ ಗಿರಣಿ ಮಾರಿದರು. ದ್ರಾಕ್ಷಿ ಮಾತ್ರ ಉಳಿಯಿತು, ಏಕೆಂದರೆ ಅದನ್ನು ಹಿಡಿದುಕೊಂಡು ಕೂತವಳು ಕಾಕು. ದ್ರಾಕ್ಷಿ ಒಣಗಿದರೆ ನಮ್ಮ ಕಡೆ ಬೇದಾಣಿ ಎನ್ನುತ್ತಾರೆ. ಒಂಬತ್ತು ವರ್ಷದಿಂದ ಕಾಕು ನಾಲ್ಕು ಜನ ಹೆಣ್ಣುಮಕ್ಕಳ ಜೊತೆ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ನೆಲದ ಮೇಲೆ ಕೂತು, ಬೇದಾಣಿಯ ಒಂದೊಂದು ಕಾಳಿನ ತೊಟ್ಟು ತೆಗೆದು, ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಸಂಜೆಗೆ ಏಳುವಾಗ ಅವಳ ಮೊಣಕಾಲು ಎಷ್ಟು ಜೋರಾಗಿ ಸದ್ದು ಮಾಡುತ್ತಿದ್ದವೆಂದರೆ, "ಕಾಕು, ಯಾರೋ ಬಾಗಲಾ ತಗದ್ರು ನೋಡು!" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು.

ತೊಂಬತ್ತರ ದಶಕದ ಆರಂಭದ ಒಂದು ಯುಗಾದಿಯ ಮರುದಿನ ಕಾಕಾ ಚಿಕ್ಕೋಡಿಗೆ ನನ್ನ ಮನೆಗೆ ಬಂದರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅವರ ಕೈಯಲ್ಲಿ ಮುಂಬೈಯ ವ್ಯಾಪಾರಿಯೊಬ್ಬರ ಇಂಗ್ಲಿಷ್ ಪತ್ರ.

"ಓದ ತಂಗಿ, ಲಗೂ ಓದ. ನಮ್ಮ ಬೇದಾಣಿ ಹಡಗ ಹತ್ತತಾವಂತ!"

ಓದಿದೆ. ಮಾಲು ಪಸಂದಾಗಿದೆ, ವಿದೇಶಕ್ಕೆ ಕಳಿಸುತ್ತೇವೆ, ಆದರೆ ಡಬ್ಬಿಗಳು ಹತ್ತು ಪ್ಯಾಲೆಟ್ಟುಗಳ ಮೇಲೆ ಬರಬೇಕು. ಕಟ್ಟಿಗೆ ಒಣಗಿರಬೇಕು, ತೊಗಟೆ ಇರಬಾರದು, ಹುಳ ಇರಬಾರದು, ವಾಸನೆ ಇರಬಾರದು. ಪ್ಯಾಲೆಟ್ ಸರಿಯಿಲ್ಲದಿದ್ದರೆ ಇಡೀ ಮಾಲು ವಾಪಸು. ಕೊನೆಗೆ ಒಂದು ಸಾಲು: ಮಾಲು ಯಾವ ಕಾರಣಕ್ಕೂ ನೆಲಕ್ಕೆ ತಾಗಬಾರದು, ನೆಲದ ಥಂಡಿ ಮೇಲೇರಿ ಮಾಲು ಕೆಡುತ್ತದೆ. ಈ ಕೊನೆಯ ಸಾಲನ್ನು ಕಾಕಾ ನನ್ನಿಂದ ಮೂರು ಸಲ ಓದಿಸಿದರು.

"ಅದಿರ್ಲಿ. ಪ್ಯಾಲೆಟ್ ಅಂದ್ರ ಏನಬೇ?"

ಇಂಗ್ಲಿಷ್ ಟೀಚರಿಗೆ ಗೊತ್ತಿದ್ದರೆ ತಾನೆ! ನಾನು ಹೈಸ್ಕೂಲಿನ ಗಾಂಭೀರ್ಯ ತಂದುಕೊಂಡು, "ಅದೊಂದ ನಮೂನಿ ಸಾಮಾನ," ಎಂದೆ. ಕೊನೆಗೆ ನಮ್ಮ ಮರ್ಯಾದೆ ಉಳಿಸಿದವರು ಅಥಣಿಯ ಲಾರಿ ಡ್ರೈವರ್ ಚಾಚಾ. ಅವರು ಮುಂಬೈ ಬಂದರನ್ನು ಕಣ್ಣಾರೆ ಕಂಡವರು.

"ಅರೇ ಭಾಯಿ, ಸಣ್ಣ ಗಾಡಿ ಬರತೈತಿ. ಅದಕ್ಕ ಮುಂದ ಎರಡ ಕಬ್ಬಿಣದ ಕೋರಿ. ಹಲಗಿ ಕೆಳಗಿನ ಸಂದ್ಯಾಗ ಕೋರಿ ಹಾಕಿ, ಡಬ್ಬಿ ಸಮೇತ ಎತ್ತಿ ಹಡಗಿನ್ಯಾಗ ಇಡತೈತಿ. ಬಸ್! ಆ ಹಲಗೀನ ಪ್ಯಾಲೆಟ್."

ಕಾಕಾನ ಮುಖ ಅರಳಿತು. "ಅಂದ್ರ ಮಣಿ ಅನ್ರಿ! ಬೀಗರಿಗೆ ಮಣಿ ಹಾಕಿ ಕುಂಡ್ರಸ್ತೇವಲ್ಲ, ಹಂಗ ಮಾಲಿಗೆ ಮಣಿ!"

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಮಣೆ ಎಂದೇ ಹೆಸರು. ಅಂದಿನಿಂದಲೇ ಕಾಕಾನ ಓಡಾಟವೂ ಸುರುವಾಯಿತು. ಮೊದಲೇ ನಿಲ್ಲಲಾರದ ಮನುಷ್ಯ, ಈಗ ಓಡಲು ಕಾರಣವೂ ಸಿಕ್ಕಿತ್ತು! ಇವತ್ತು ನಿಪ್ಪಾಣಿ ಎಂದರೆ ನಾಳೆ ರಾಯಬಾಗ, ನಾಡಿದ್ದು ಕಾಗವಾಡ. ನನಗೆ ಬೇಸಿಗೆಯ ರಜೆ ಇದ್ದದ್ದೇ ತಪ್ಪಾಯಿತು. ಇಂಗ್ಲಿಷಿನಲ್ಲಿ ಬರೆದ ಅಳತೆ ಹೇಳಲು ನಾನು ಜೊತೆಗೆ ಬೇಕು! ಬಸ್ಸು ನಿಂತ ಮೇಲೆ ಇಳಿಯುವ ದುರಭ್ಯಾಸ ನನಗೆ. ನಾನು ಕೆಳಗಿಳಿಯುವಷ್ಟರಲ್ಲಿ ಕಾಕಾ ಕಟ್ಟಿಗೆ ಅಡ್ಡೆಯವನ ಜೊತೆ ಜಗಳ ಮುಗಿಸಿರುತ್ತಿದ್ದರು.

ಊರವರಿಗೆ ಇದೊಂದು ತಮಾಷೆ. "ಕೋಳಿ ಆತು, ಗಿರಣಿ ಆತು, ಈಗ ಹಲಗಿ! ಇದನ್ನರ ಮುಗಸ್ತಾನೇನ ಇಂವಾ?" ಎಂದು ನಮ್ಮ ತಂದೆಯೇ ಹೇಳಿದರು. ಆ ವರ್ಷದ ಬೇದಾಣಿಯನ್ನೆಲ್ಲ ಕಾಕಾ ಬೇರೆ ಯಾರಿಗೂ ಮಾರದೆ ಈ ಹಡಗಿಗೇ ತೆಗೆದಿಟ್ಟಿದ್ದರು. ಮಣೆ ಕೆಟ್ಟರೆ ಕಾಕುವಿನ ವರ್ಷದ ದುಡಿಮೆ ಮುಂಬೈಯಿಂದ ತಿರುಗಿ ಬಂದು ಅವಳ ಮುಂದೆಯೇ ಬೀಳುತ್ತಿತ್ತು. ಕಾಕು ಮಾತ್ರ ಇಷ್ಟೇ ಅಂದಳು: "ಇದೊಂದ ಕಡೀತನಕ ಮಾಡ್ರಿ."

ಮೊದಲ ಮಣೆ ಮಾಡಿದವರು ರಾಯಬಾಗ ತಾಲೂಕಿನ ಅಲಖನೂರಿನ ಬಡಿಗ್ಯಾರು. ಜೀವಮಾನವೆಲ್ಲ ಕಬ್ಬು ಹೇರುವ ಚಕ್ಕಡಿ ಮಾಡಿದ ಕೈ. ಅವರು ಜಾಲಿ ಮರ ಕಡಿಸಿ, ಗೇಣು ದಪ್ಪದ ತೊಲೆ ಇಟ್ಟು, ಕಬ್ಬಿಣದ ಪಟ್ಟಿ ಜಡಿದು ಮಣೆ ತಯಾರಿಸಿದರು. ಎತ್ತಲು ನಾಲ್ಕು ಜನ ಸಾಲಲಿಲ್ಲ!

"ಬಡಿಗ್ಯಾರ, ಇದು ಭಾಳ ವಜ್ಜಿ ಆತಲ್ರಿ?" ಎಂದೆ ನಾನು.

"ವಜ್ಜಿ ಅಂತೀರೇನ್ರಿ ಅಕ್ಕೋರ? ಬೇದಾಣಿ ಬಿಡ್ರಿ, ಇದರ ಮ್ಯಾಲ ನಿಮ್ಮ ಹಡಗಾನ ತಂದ ಇಡ್ರಿ. ಜಗ್ಗಿದ್ರ ನನ್ನ ಹೆಸರ ಕರೀಬ್ಯಾಡ್ರಿ!"

ಎರಡನೆಯದು ಮಾವಿನ ಕಟ್ಟಿಗೆ. ಹಗುರ, ಅಗ್ಗ. ತಂದು ಪಡಸಾಲೆಯಲ್ಲಿ ಇಟ್ಟದ್ದಾಯಿತು. ಆಗಲೇ ನಾವೆಲ್ಲ ಒಂದು ಅದ್ಭುತ ಕಂಡದ್ದು. ಮಣೆ ಅಲುಗಾಡುತ್ತದೆಯೋ ಇಲ್ಲವೋ ನೋಡಲು ಕಾಕಾ ಅದರ ಮೇಲೆ ಕೂತರು! ಕೈಕಟ್ಟಿ, ಕಣ್ಣು ಮುಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಹತ್ತು ನಿಮಿಷ ಕೂತೇ ಇದ್ದರು. ಇದು ಸುದ್ದಿಯಾಗಿ ಶೆಡ್ಡಿನಿಂದ ಹೆಣ್ಣುಮಕ್ಕಳೆಲ್ಲ ನೋಡಲು ಬಂದರು. ಕಾಕುವೂ ಬಂದಳು, ಗೋಡೆ ಹಿಡಿದುಕೊಂಡು.

"ಹ್ಯಾಂಗ ಐತ್ರಿ, ಕುಂಡ್ರಾಕ ಚಲೋ ಐತೇನು?"

"ನೆಲಕ್ಕಿಂತ ಭಾಳ ಬೆಚ್ಚಗ ಐತಿ. ನೀನೂ ಬಾ, ಕುಂತ ನೋಡ."

"ನನಗ್ಯಾಕ ಬೇಕ್ರಿ ಅದು! ಲಗ್ನದಾಗ ಮಣಿ ಮ್ಯಾಲ ಕುಂತಾಕಿ, ಅಷ್ಟ ಸಾಕು. ಅಲ್ಲಿ ಮಾಲ ಬಿದ್ದೈತಿ." ಅವಳು ಹೋದಳು. ಕಾಕಾ ಅವಳು ಹೋದ ದಾರಿಯನ್ನೇ ನೋಡಿದರು. ಅವರಿಗೆ ಮುಂದಿನ ಬಸ್ಸಿನ ಚಿಂತೆ ಎಂದುಕೊಂಡೆ ನಾನು. ಎಂಟು ದಿನದಲ್ಲಿ ಆ ಮಣೆಯ ಅಡಿಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿತ್ತು. ಒಳಗೆ ಹುಳ! ಮಾವಿನ ಮಣೆ ಒಲೆಗೆ ಹೋಯಿತು.

ಮೂರನೆಯ ಪ್ರಯೋಗ ನಿಪ್ಪಾಣಿಯದು. ಅಲ್ಲಿನ ಹಳೇ ಗೋದಾಮೊಂದನ್ನು ಕೆಡವುತ್ತಿದ್ದರು. ಹಲಗೆಗಳು ವರ್ಷಗಟ್ಟಲೆ ನೆರಳಿನಲ್ಲಿ ಒಣಗಿ ಗಣಗಣ ಎನ್ನುತ್ತಿದ್ದವು. ಮಾರುವವ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, "ಏಕದಮ್ ಸುಕ್ಕಾ ಲಾಕೂಡ, ಕಾಕಾ! ಹನಿ ನೀರಿಲ್ಲ ಇದರಾಗ," ಎಂದು ಬಡಿದು ತೋರಿಸಿದ. ನಿಜ, ನೀರು ಇರಲಿಲ್ಲ. ಆದರೆ ಗೋದಾಮು ತಂಬಾಕಿನದು! ನಿಪ್ಪಾಣಿಯಲ್ಲಿ ಬೇರೆ ಯಾವುದರ ಗೋದಾಮು ಇರುತ್ತದೆ ಹೇಳಿ? ಅದರ ಮಣೆ ಮಾಡಿ, ಮೇಲೆ ಒಂದು ಡಬ್ಬಿ ಬೇದಾಣಿ ಇಟ್ಟು, ಎಂಟು ದಿನದ ಮೇಲೆ ರುಚಿ ನೋಡಲು ನನಗೆ ಕೊಟ್ಟರು. ಶಾಲೆ ಆಗಷ್ಟೇ ತೆರೆದಿತ್ತು. ಸ್ಟಾಫ್ ರೂಮಿನಲ್ಲಿ ಹಂಚಿದೆ. ಹೆಡ್ ಮಾಸ್ತರರು ಒಂದು ಕಾಳು ಬಾಯಿಗೆ ಹಾಕಿ ಏಳು ಸಲ ಸೀನಿದರು. ಗಣಿತದ ಮಾಸ್ತರರಿಗೆ ತಲೆ ತಿರುಗಿ ಒಂದು ಪಿರಿಯಡ್ಡು ಹೋಯಿತು. ತಂಬಾಕು ತಿನ್ನುವ ನಮ್ಮ ಪ್ಯೂನ್ ಒಬ್ಬನೇ ಗೋಡೆಗೆ ಒರಗಿ ಹೇಳಿದ್ದು: "ಅಕ್ಕೋರ, ಇನ್ನೊಂದ ಮುಟಗಿ ಕೊಡ್ರಿ. ಇಂಥಾ ಬೇದಾಣಿ ಜನ್ಮದಾಗ ತಿಂದಿಲ್ಲ!"

ಇಷ್ಟಾದರೂ ಕಾಕಾ ಸೋಲಲಿಲ್ಲ. ಕಟ್ಟಿಗೆ ಸಿಗುವವರೆಗೆ ಎತ್ತುವುದನ್ನಾದರೂ ಪರೀಕ್ಷೆ ಮಾಡೋಣ ಎಂದರು. ಕೋರೆ ಇರುವ ಗಾಡಿ ನಮ್ಮ ಸುತ್ತಲಿನ ಊರುಗಳಲ್ಲಿ ಎಲ್ಲಿಂದ ಬರಬೇಕು? ಅಥಣಿಯ ವೆಲ್ಡಿಂಗ್ ಅಂಗಡಿಗೆ ಹೋಗಿ, ಟ್ರ್ಯಾಕ್ಟರಿನ ಹಿಂದೆ ನೇಗಿಲು ಎತ್ತುವ ಕೈಗಳಿಗೆ ಎರಡು ಕಬ್ಬಿಣದ ಪೈಪು ಜೋಡಿಸಿಕೊಂಡು ಬಂದರು. ಟ್ರ್ಯಾಕ್ಟರು ಹಿಂದೆ ಸರಿಯಿತು, ಪೈಪುಗಳು ತಂಬಾಕು ಮಣೆಯ ಸಂದಿಗೆ ಸರಿಯಾಗಿ ಹೋದವು, ಡಬ್ಬಿಗಳ ಸಮೇತ ಮಣೆ ಮೇಲೆದ್ದಿತು! ನಾವು ಚಪ್ಪಾಳೆ ತಟ್ಟಿದೆವು. ಆದರೆ ಎತ್ತುವ ಕೈಗಳಿಗೆ ಮೇಲೆ ಹೋದಂತೆ ಓರೆಯಾಗುವ ಚಾಳಿ. ಡಬ್ಬಿಗಳೆಲ್ಲ ಜಾರಿ, ಒಡೆದು, ಬೇದಾಣಿ ದಾರಿಯ ತುಂಬ ಹರಡಿತು. ಅದೇ ಹೊತ್ತಿಗೆ ಹಾಲಮತದವರ ಕುರಿ ಹಿಂಡು ಆ ದಾರಿಯಲ್ಲಿಯೇ ಬರಬೇಕೆ! ನೂರು ಕುರಿಗಳು ತಲೆ ಎತ್ತದೆ ತಿಂದವು. ತಂಬಾಕಿನ ಅಮಲೋ ಏನೋ, ಹಿಂಡಿನ ಹಿರಿ ಟಗರು ಟ್ರ್ಯಾಕ್ಟರಿಗೇ ಡಿಕ್ಕಿ ಹೊಡೆಯಿತು.

ಕಟ್ಟಿಗೆ ಸಿಕ್ಕದ್ದು ಆಷಾಢದಲ್ಲಿ, ರಾಯಬಾಗದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯ ಹಿತ್ತಿಲಿನಲ್ಲಿ. ಹೊರದೇಶದಿಂದ ಯಂತ್ರ ಬಂದ ದೊಡ್ಡ ಪೆಟ್ಟಿಗೆಗಳನ್ನು ಬಿಚ್ಚಿ ಗುಡ್ಡೆ ಹಾಕಿದ್ದರು. ಬಿಳಿ ಕಟ್ಟಿಗೆ, ಹಗುರ, ವಾಸನೆಯಿಲ್ಲ, ಹುಳವಿಲ್ಲ. ಕಾಕಾ ಒಂದು ಹಲಗೆ ಮೂಸಿದರು, ನೆಕ್ಕಿದರು, ಕಿವಿಗಿಟ್ಟು ಬಡಿದರು, ಕೊನೆಗೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

"ತಂಗಿ, ಇದನ್ನ ಬಿಡೂದು ಬ್ಯಾಡ. ಇದು ಒಮ್ಮೆ ಸಮುದ್ರ ದಾಟಿ ಬಂದೈತಿ. ಇದಕ್ಕ ಹಾದಿ ಗೊತ್ತೈತಿ!"

ಅಲಖನೂರಿನ ಬಡಿಗ್ಯಾರನ್ನೇ ಕರೆಸಿ, ಕಬ್ಬಿಣದ ಪಟ್ಟಿ ಮುಟ್ಟದಂತೆ ಆಣೆ ಮಾಡಿಸಿ, ಹತ್ತು ಮಣೆ ಮಾಡಿಸಿದರು. ಹತ್ತರ ಮೇಲೂ ಒಬ್ಬರೇ ಕೂತು ಪಾಸು ಮಾಡಿದರು. ಆಮೇಲೆ ಒಂದನ್ನು ಬಸ್ಸಿನ ಮೇಲೆ ಹಾಕಿಕೊಂಡು ಮಂಗಸೂಳಿಗೆ ಹೋಗಿ, ಮಲ್ಲಯ್ಯ ದೇವರ ಮುಂದೆ ಇಟ್ಟು, ಭಂಡಾರದ ಅರಿಶಿನ ಹಚ್ಚಿಸಿಕೊಂಡು ಬಂದರು. ಉಳಿದವುಗಳಿಗೆ ಬೇಜಾರಾಗಬಾರದಲ್ಲ! ಅವಕ್ಕೂ ಪೊಟ್ಟಣ ಪೊಟ್ಟಣ ಭಂಡಾರ ತಂದು ಮನೆಯಲ್ಲಿಯೇ ಬಳಿದರು. ಹತ್ತೂ ಮಣೆ ಹಳದಿಯಾಗಿ ಮದುಮಕ್ಕಳ ಹಾಗೆ ಸಾಲಾಗಿ ನಿಂತವು.

ಎಡವಟ್ಟಾದದ್ದು ಇಲ್ಲಿಯೇ. ಶ್ರಾವಣದ ಒಂದು ಮಧ್ಯಾಹ್ನ ಚಾಚಾ ಹಮಾಲರನ್ನು ಕೂರಿಸಿಕೊಂಡು ಲಾರಿ ತಂದರು. ಸಂಜೆಗೆ ಹೊರಟರಷ್ಟೇ ಹಡಗು ಸಿಗುತ್ತದೆ. ಕಾಕಾ ಅಂಗಳದಲ್ಲಿ ಎಷ್ಟು ಸುತ್ತಿದರೆಂದರೆ ನನಗೇ ತಲೆ ಸುತ್ತು ಬಂತು. ಡಬ್ಬಿಗೆ ಅಂಟಿಸುವ ಇಂಗ್ಲಿಷ್ ಚೀಟಿಗಳನ್ನು ಬರೆಯಲು ನಾನು ಒಳಗೆ ಹೋದೆ. ಅರ್ಧ ತಾಸಿನ ಮೇಲೆ ಹೊರಬಂದು ನೋಡಿದರೆ ಲಾರಿಯಲ್ಲಿ ಡಬ್ಬಿಗಳು ತಳದಲ್ಲಿ, ಮಣೆಗಳು ಎಲ್ಲಕ್ಕಿಂತ ಮೇಲೆ!

"ಅಯ್ಯ, ಇದೇನ ಮಾಡೀರಿ? ಮಣಿ ಕೆಳಗ ಇರಬೇಕ್ರಿ!" ಎಂದು ಕೂಗಿದೆ.

ಹಿರಿಯ ಹಮಾಲ ಕೈ ಮುಗಿದ. "ಏನ ಮಾತಂತ ಆಡ್ತೀರಿ ಅಕ್ಕೋರ? ಮಲ್ಲಯ್ಯನ ಭಂಡಾರ ಹಚ್ಚಿದ ಕಟಗಿ ಅದು. ಅದನ್ನ ತುಳದ ಡಬ್ಬಿ ಹೇರಬೇಕೇನು? ನಮ್ಮ ಕೈಲೆ ಆಗೂದಿಲ್ಲ."

ಕೂಲಿ ಹೆಚ್ಚು ಕೊಟ್ಟರೂ ಆಗುವುದಿಲ್ಲ ಎಂದರು. ಚಾಚಾ ಗಡಿಯಾರ ನೋಡಿದರು. ಐದು ತಿಂಗಳ ಓಡಾಟ ಒಂದು ಚಿಟಿಕೆ ಅರಿಶಿನದ ಮುಂದೆ ನಿಂತುಬಿಟ್ಟಿತ್ತು! ಕಾಕಾ ಮೂರು ಸುತ್ತು ಸುತ್ತಿದರು. ಥಟ್ಟನೆ ಲಾರಿ ಹತ್ತಿ, ಧೋತರದ ಚುಂಗಿನಿಂದ ಒಂದೊಂದು ಮಣೆಯ ಭಂಡಾರವನ್ನೂ ಒರೆಸಿ ತೆಗೆದು, ಕೆಳಗಿಳಿದು ಒಬ್ಬೊಬ್ಬ ಹಮಾಲನ ಹಣೆಗೂ ಬಳಿದರು.

"ಮಲ್ಲಯ್ಯ ಈಗ ಕಟಗಿ ಬಿಟ್ಟ ನಿಮ್ಮ ಹಣಿ ಮ್ಯಾಲ ಬಂದಾನ. ಇನ್ನ ಹಲಗಿ ಬರೇ ಹಲಗಿ. ಹತ್ರಿ ಮ್ಯಾಲ!"

ಹಮಾಲರು ಒಬ್ಬರ ಹಣೆ ಒಬ್ಬರು ನೋಡಿಕೊಂಡು ಒಪ್ಪಿದರು. ಎಲ್ಲ ಇಳಿಸಿ, ಮಣೆ ಹಾಸಿ, ಡಬ್ಬಿಗಳನ್ನು ಮತ್ತೆ ಹೇರತೊಡಗಿದರು. ನಾನು ಪತ್ರ ಹಿಡಿದು ಎಣಿಸಿದೆ. ಒಂಬತ್ತು ಮಣೆ. ಇನ್ನೊಮ್ಮೆ ಎಣಿಸಿದೆ. ಒಂಬತ್ತೇ!

"ಕಾಕಾ, ಒಂದ ಕಮ್ಮಿ ಐತಿ!"

"ಇರ್ಲಿ ಬಿಡ."

"ಇರ್ಲಿ ಅಂದ್ರ? ಹತ್ತು ಅಂತ ನಾನ ಇಂಗ್ಲಿಷಿನ್ಯಾಗ ಬರದ ಕೊಟ್ಟೇನ್ರಿ!"

"ಒಂಬತ್ತು ಅಂತ ತಿದ್ದ. ಉಳದ ಡಬ್ಬಿ ಅಥಣಿ ಸಂತ್ಯಾಗ ಮಾರಿದ್ರಾತು." ಅಷ್ಟು ಹೇಳಿ ಹಗ್ಗ ಕಟ್ಟಲು ಓಡಿದರು.

ನನಗೆ ಎಂಥ ಸಿಟ್ಟು ಬಂತೆಂದರೆ! ಒಂದು ಮಣೆಗಾಗಿ ಐದು ತಿಂಗಳು ನನ್ನ ಕಾಲು ಸವೆಸಿದವರು, ಕೊನೆಯ ಗಳಿಗೆಯಲ್ಲಿ ಒಂದು ಕಳೆದುಕೊಂಡು ಇರಲಿ ಬಿಡು ಎನ್ನುವುದೆ? ಬಡಿಗ್ಯಾರು ಕದ್ದರೇ? ಬಸ್ಸಿನ ಮೇಲೆಯೇ ಮರೆತು ಬಂದರೇ? ಒಂಬತ್ತು ಮಣೆಯ ಮಾಲು ಮುಂಬೈಯಲ್ಲಿ ಪಾಸಾಯಿತು, ಹಡಗೂ ಹತ್ತಿತು ಎಂದು ಹನ್ನೆರಡು ದಿನದ ಮೇಲೆ ಪತ್ರ ಬಂತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಲಾರಿ ಹೊರಡುವ ಮೊದಲೇ ಆ ಮಣೆಗಾಗಿ ಹಿತ್ತಿಲು ಹುಡುಕಿದೆ, ದನದ ಕೊಟ್ಟಿಗೆ ಹುಡುಕಿದೆ, ಕೊನೆಗೆ ಶೆಡ್ಡಿಗೆ ಹೋದೆ. ಮಳೆಗಾಲದ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಹೆಣ್ಣುಮಕ್ಕಳು ಲಾರಿ ನೋಡಲು ಹೋಗಿದ್ದರು. ಕಾಕು ಒಬ್ಬಳೇ ಇದ್ದಳು, ಮಡಿಲಿನಲ್ಲಿ ಬೇದಾಣಿಯ ಮೊರ ಇಟ್ಟುಕೊಂಡು. ಆದರೆ ಯಾವಾಗಿನಂತೆ ನೆಲದ ಮೇಲಲ್ಲ. ಹತ್ತನೆಯ ಮಣೆಯ ಮೇಲೆ ಕೂತಿದ್ದಳು! ಅದಕ್ಕೆ ಮೊಣಕಾಲೆತ್ತರದ ನಾಲ್ಕು ಕಾಲು ಜಡಿದಿತ್ತು. ಮೇಲೆ ಮಡಿಸಿ ಹಾಸಿದ ಕೌದಿ. ಅಡಿಯಲ್ಲಿ ಇನ್ನೂ ಒಂದಿಷ್ಟು ಭಂಡಾರ ಉಳಿದಿತ್ತು.

ಕಾಕು ಕಳ್ಳಿಯ ಹಾಗೆ ನನ್ನ ಮುಖ ನೋಡಿದಳು.

"ನಾ ಬ್ಯಾಡ ಅಂದ್ನವಾ. ಮಾಲಿಗಿ ಕಮ್ಮಿ ಬೀಳತೈತಿ ಅಂದೆ. 'ನೆಲದ ಥಂಡಿ ಹತ್ತಿ ಮಾಲ ಕೆಡತೈತಿ ಅಂತ ಮುಂಬೈದಾವ್ರು ಬರದ ಕಳಸ್ಯಾರ. ಒಂಬತ್ತ ವರ್ಷ ನೀ ನೆಲದ ಮ್ಯಾಲ ಕುಂತಿ, ನಿನ್ನ ಸಲುವಾಗಿ ನನಗ ಯಾರು ಬರದ ಹೇಳಬೇಕಿತ್ತು?' ಅಂದ್ರು. ಬೆಳಿಗ್ಗಿ ತಾವ ಕುಂತ, ಕಾಲ ಜಡದ ಹೋಗ್ಯಾರ."

ನಾನು ಪತ್ರವನ್ನು ಮಡಚಿಕೊಂಡೆ. ಆ ಸಾಲನ್ನು ಮೂರು ಸಲ ಓದಿದವಳು ನಾನು. ಆ ಮೊಣಕಾಲಿನ ಸದ್ದಿಗೆ ಬಾಗಿಲು ತೆರೆಯಿತೆಂದು ನಕ್ಕವಳೂ ನಾನೇ. ನನಗೆ ನಾಚಿಕೆಯಾಯಿತು, ಅಳು ಬಂತು.

ಅಷ್ಟರಲ್ಲಿ ಕಾಕಾ ಧಾವಿಸಿ ಬಂದರು. ಹಗ್ಗ ಬಿಗಿದು ಅಂಗೈ ಕೆಂಪಾಗಿತ್ತು. ಕಾಕು ಗಡಬಡಿಸಿ ಏಳಲು ಹೋದಳು. "ರೀ, ಇನ್ನೂ ಹೊತ್ತೈತಿ. ಕಾಲ ಕಿತ್ತ ಒಯ್ರಿ ಇದನ್ನ."

ಕಾಕಾ ಅವಳ ಹೆಗಲು ಒತ್ತಿ ಕೂರಿಸಿದರು. "ಅಲಗಾಡತೈತೇನ?"

"ಇಲ್ಲರಿ."

"ಸರೀಗಿ ಹೇಳ. ಕೆಳಗಿನ ಥಂಡಿ ಏನರ ಹತ್ತತೈತೇನ?"

"ಇಲ್ಲರಿ. ಬೆಚ್ಚಗ ಐತಿ."

ಹೇಳುತ್ತಲೇ ಕಾಕು ಮೊರ ಎತ್ತಿಕೊಂಡು ಸ್ವಲ್ಪ ಸರಿದಳು. ಅರ್ಧ ಮಣೆ ಖಾಲಿಯಾಯಿತು. ಕಾಕಾ ಅದನ್ನೊಮ್ಮೆ ನೋಡಿ, ಅವಳ ಪಕ್ಕ ಕೂತರು. ಕೈಕಟ್ಟಲಿಲ್ಲ, ಎಡಕ್ಕೂ ಬಲಕ್ಕೂ ವಾಲಲಿಲ್ಲ. ಮೊರದಿಂದ ಒಂದು ಕಾಳು ತೆಗೆದುಕೊಂಡು ಅದರ ತೊಟ್ಟು ಬಿಡಿಸತೊಡಗಿದರು.

ಹೊರಗೆ ಚಾಚಾ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು.

"ರೀ, ಲಾರಿ ನಿಂತೈತಿ," ಎಂದಳು ಕಾಕು.

"ನಿಲ್ಲಲಿ ತಗೋ," ಎಂದರು ಕಾಕಾ.